ಇಂಗ್ಲೀಷಿನ ಕಿರುಪದಗಳೂ ನಮ್ಮ ವಿಭಕ್ತಿಗಳೂ

ಇಂಗ್ಲೀಷನ್ನು ಕಲಿಯುವವರನ್ನು ಹೆದರಿಸುವುವು ದೊಡ್ಡ ಪದಗಳು. ಸೋಲಿಸುವುವು ಚಿಕ್ಕ ಪದಗಳು. ದೊಡ್ಡ ಪದದ ಅರ್ಥ ತಿಳಿಯದಿದ್ದರೆ ನಿಘಂಟನ್ನು ತೆರೆಯುತ್ತೇವೆ. ಅರ್ಥ ದೊರೆತೊಡನೆ ಭಯವೂ ತೀರುತ್ತದೆ. ಆದರೆ ‘ಇನ್’, ‘ಆನ್’, ‘ಅಟ್’, ‘ಟು’, ‘ಬೈ’, ‘ಫಾರ್’, ‘ಫ್ರಂ’, ‘ವಿತ್’ ಎಂಬ ಪುಟ್ಟ ಪದಗಳಿಗಾಗಿ ಯಾರು ನಿಘಂಟನ್ನು ತೆರೆಯುತ್ತಾರೆ? ತೆರೆದವರೂ ಒಂದೊಂದು ಪದದ ಕೆಳಗೆ ಇಪ್ಪತ್ತು ಮೂವತ್ತು ಅರ್ಥಗಳು ಸಾಲಾಗಿ ನಿಂತಿರುವುದನ್ನು ಕಂಡು, ಇದು ನಮ್ಮಿಂದಾಗುವ ಕೆಲಸವಲ್ಲವೆಂದು ಮುಚ್ಚಿಬಿಡುತ್ತಾರೆ. ವೈಯಾಕರಣರು ಪ್ರಿಪೊಸಿಷನ್ ಎಂದು ಕರೆಯುವ ಈ ಕಿರುಪದಗಳೇ ಇಂದಿನ ನಮ್ಮ ಭಾಷಣದ ವಿಷಯ.

ವಿಷಯವು ಶುಷ್ಕವೆಂದು ಶ್ರೋತೃಗಳಿಗೆ ತೋರಬಹುದು. ಆದರೆ ಇದರಿಂದ ಆಗುವ ಲಾಭನಷ್ಟಗಳು ಶುಷ್ಕವಾದುವಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರ ಮುಂದೆ ಪ್ರತಿವರ್ಷವೂ ಉತ್ತರ ಪತ್ರಿಕೆಗಳ ರಾಶಿ ಬಂದು ಬೀಳುತ್ತದೆ. ವಿಷಯವನ್ನು ಚೆನ್ನಾಗಿ ಬಲ್ಲ, ಯೋಚನೆಯಲ್ಲಿ ಗೊಂದಲವಿಲ್ಲದ ವಿದ್ಯಾರ್ಥಿಯ ಬರೆವಣಿಗೆಯಲ್ಲಿಯೂ ಸಾಲಿಗೊಂದು ಕೆಂಪು ಗೆರೆ ಬೀಳುವುದನ್ನು ನಾವು ಕಾಣುತ್ತೇವೆ. ಆ ಗೆರೆಗಳಲ್ಲಿ ಬಹುಪಾಲು ಈ ಕಿರುಪದಗಳ ಕೆಳಗೇ ಇರುತ್ತವೆ. ಪರೀಕ್ಷಕನು ಅಂಕವನ್ನು ಕಳೆಯುತ್ತಾನೆ. ಕೆಲಸ ಕೊಡುವವನು ಅರ್ಜಿಯನ್ನು ಬದಿಗಿಡುತ್ತಾನೆ. ‘ಈತನಿಗೆ ಇಂಗ್ಲೀಷು ಬಾರದು’ ಎಂಬ ಮಾತು ಬಹುಬೇಗ ‘ಈತನಿಗೆ ಬುದ್ಧಿ ಸಾಲದು’ ಎಂಬ ಮಾತಾಗಿ ತಿರುಗುತ್ತದೆ. ಮೊದಲನೆಯ ಮಾತು ಅರ್ಧ ಸತ್ಯ. ಎರಡನೆಯದು ಪೂರ್ಣ ಅನ್ಯಾಯ. ಈ ತಪ್ಪುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು ತಿಳಿದರೆ ಅನ್ಯಾಯವೂ ಕಡಮೆಯಾದೀತು, ತಪ್ಪುಗಳೂ ಕಡಮೆಯಾದಾವು.

ಒಂದು ಊರನ್ನು ಮುಂದಿಟ್ಟುಕೊಂಡು ನೋಡಿದರೆ ವಿಷಯವು ಹಿಡಿತಕ್ಕೆ ಬರುತ್ತದೆ. ಕಲಬುರಗಿ ಜಿಲ್ಲೆಯ ಯಡ್ರಾಮಿಯನ್ನು ತೆಗೆದುಕೊಳ್ಳೋಣ. ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಈ ಊರು ೨೦೧೭ರ ರಾಜ್ಯದ ಆಯವ್ಯಯದಲ್ಲಿ ಸಾರಲಾದ ಹೊಸ ತಾಲ್ಲೂಕುಗಳಲ್ಲಿ ಒಂದು. ತೊಗರಿ ಜೋಳಗಳನ್ನು ಬೆಳೆಯುವ ಈ ಸೀಮೆ ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉಚ್ಚ ಶಿಕ್ಷಣವನ್ನು ಉರ್ದುವಿನಲ್ಲಿ ಕೊಟ್ಟು ಇಂಗ್ಲೀಷನ್ನು ಕಡ್ಡಾಯವಾದ ಒಂದು ಪಾಠವಾಗಿ ಇಟ್ಟಿದ್ದಿತು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಯು ಕನ್ನಡ ನಾಡಿನ ಇತರ ಭಾಗಗಳೊಡನೆ ಕೂಡಿತು. ಹೀಗಾಗಿ ಅಲ್ಲಿನ ಕಿವಿಗೆ ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು ಇವು ಯಾವುವೂ ಅಪರಿಚಿತವಲ್ಲ.

ಈ ನಾಲ್ಕು ಭಾಷೆಗಳೂ ಒಂದು ವಿಷಯದಲ್ಲಿ ಏಕಮತವುಳ್ಳವು ಎಂಬುದನ್ನು ಗಮನಿಸಬೇಕು. ಗ್ರಂಥಸ್ಥ ಕನ್ನಡದಲ್ಲಿ ನಾವು ‘ಮನೆಯಲ್ಲಿ’ ಎನ್ನುತ್ತೇವೆ. ಯಡ್ರಾಮಿಯ ಕಡೆ ‘ಮನ್ಯಾಗ’ ಎನ್ನುತ್ತಾರೆ. ದಖನಿಯಲ್ಲಿ ‘ಘರ್ ಮೇ’, ಮರಾಠಿಯಲ್ಲಿ ‘ಘರಾತ್’, ತೆಲುಗಿನಲ್ಲಿ ‘ಇಂಟ್ಲೋ’. ಎಲ್ಲದರಲ್ಲಿಯೂ ಮೊದಲು ಮನೆ ಬರುತ್ತದೆ. ಆಮೇಲೆ ಮನೆಗೂ ಮಾತಿಗೂ ಇರುವ ಸಂಬಂಧ ಬರುತ್ತದೆ. ಇಂಗ್ಲೀಷಿನಲ್ಲಿಯಾದರೋ ಸಂಬಂಧವೇ ಮುಂದೆ, ವಸ್ತು ಹಿಂದೆ. ಪ್ರಿಪೊಸಿಷನ್ ಎಂಬ ಹೆಸರಿಗೆ ಮುಂದಿಟ್ಟದ್ದು ಎಂದೇ ಅರ್ಥ. ನಾಲ್ಕು ಭಾಷೆಗಳು ಕೂಡಿ ಒಂದು ದಿಕ್ಕಿಗೆ ನಡೆಯಿಸಿದ ಮನಸ್ಸನ್ನು ಐದನೆಯದೊಂದು ಭಾಷೆ ಹಿಂದಿರುಗಿಸಿ ನಡೆಯಿಸುತ್ತದೆ. ಹಾಗೆಂದು ಮುಂದಿಡುವ ಪದ್ಧತಿ ನಮಗೆ ತೀರ ಹೊಸದೂ ಅಲ್ಲ. ಪಾರಸಿಯಲ್ಲಿ ‘ಬೇ’ ಎಂಬುದು ‘ಇಲ್ಲದೆ’ ಎಂಬ ಅರ್ಥದ ಮುಂದಿಡುವ ಪದ. ಬೇನಾಮಿ, ಬೇಜವಾಬ್ದಾರಿ ಎಂದು ನಾವು ದಿನವೂ ಆಡುವಾಗ ಆ ಪದವನ್ನು ತಕ್ಕ ಸ್ಥಾನದಲ್ಲಿಯೇ ಇಡುತ್ತೇವೆ. ಸ್ಥಾನವನ್ನು ಕಲಿಯುವುದು ಕಷ್ಟವಲ್ಲ; ನಿಜವಾದ ಕಷ್ಟ ಬೇರೆ ಇದೆ.

ಅದು ಯಾವುದೆಂದರೆ, ಲೆಕ್ಕ ಹೊಂದದಿರುವುದು. ನಮ್ಮ ವ್ಯಾಕರಣಗಳು ಏಳು ವಿಭಕ್ತಿಗಳನ್ನು ಹೇಳುತ್ತವೆ. ಆಡುಮಾತಿನಲ್ಲಿ ತೃತೀಯಾ ಪಂಚಮಿಗಳು ಬೆರೆತು ‘ಇಂದ’ ಎಂಬ ಒಂದೇ ಪ್ರತ್ಯಯವಾಗಿವೆ. ಪ್ರಥಮೆಯ ಪ್ರತ್ಯಯ ಎಷ್ಟೋ ವೇಳೆ ಕಾಣುವುದೇ ಇಲ್ಲ. ಉಳಿದ ನಾಲ್ಕೈದು ಪ್ರತ್ಯಯಗಳಿಂದಲೂ, ‘ಮೇಲೆ’, ‘ಒಳಗೆ’, ‘ಜೊತೆ’, ‘ಬಗ್ಗೆ’ ಮೊದಲಾದ ಕೆಲವು ಪದಗಳಿಂದಲೂ ನಾವು ಸಂಸಾರವನ್ನು ನಡೆಯಿಸುತ್ತೇವೆ. ಇಂಗ್ಲೀಷೂ ಸಾವಿರ ವರ್ಷಗಳ ಹಿಂದೆ ಹೀಗೆಯೇ ಪ್ರತ್ಯಯಗಳನ್ನು ಹಚ್ಚುತ್ತಿದ್ದ ಭಾಷೆ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದಕ್ಕೆ ಮುಂಚೆಯೇ ಆ ಪ್ರತ್ಯಯಗಳು ಸವೆಯತೊಡಗಿದ್ದುವು. ಅನಂತರದ ಮೂರು ನಾಲ್ಕು ಶತಮಾನಗಳಲ್ಲಿ ಬಹುಮಟ್ಟಿಗೆ ಅಳಿದುಹೋದುವು. ಅವು ಹೊರುತ್ತಿದ್ದ ಹೊರೆಯೆಲ್ಲ ಅದುವರೆಗೆ ಸಹಾಯಕವಾಗಿದ್ದ ಕಿರುಪದಗಳ ತಲೆಯ ಮೇಲೆ ಬಿದ್ದಿತು. ಹೊರೆ ಬಿದ್ದಂತೆ ಅರ್ಥಗಳೂ ಚದರಿದುವು. ‘ವಿತ್’ ಎಂಬ ಪದಕ್ಕೆ ಪೂರ್ವದಲ್ಲಿ ‘ಎದುರಾಗಿ’ ಎಂದು ಅರ್ಥವಿದ್ದಿತು. ಈಗ ‘ಜೊತೆಯಲ್ಲಿ’ ಎಂದು ಅರ್ಥ. ಆದುದರಿಂದಲೇ ಇಂದಿಗೂ ಇಂಗ್ಲೀಷಿನಲ್ಲಿ ಸ್ನೇಹಿತನ ಜೊತೆ ನಡೆಯುವುದಕ್ಕೂ ಶತ್ರುವಿನೊಡನೆ ಕಾದುವುದಕ್ಕೂ ಅದೊಂದೇ ಪದ ಸಲ್ಲುತ್ತದೆ. ‘ಬೈ’ ಎಂದರೆ ಮೊದಲು ‘ಹತ್ತಿರ’. ಈಗ ಕರ್ತೃ, ಸಾಧನ, ಕಾಲದ ಅವಧಿ ಎಲ್ಲವೂ ಅದೇ.

ಹೀಗಿರಲು, ಕನ್ನಡದ ಒಂದು ಪ್ರತ್ಯಯಕ್ಕೆ ಇಂಗ್ಲೀಷಿನ ಒಂದು ಪದವೆಂದು ಜೋಡಿ ಕಟ್ಟಿಕೊಂಡು ಹೊರಟವರು ಎಡವಲೇಬೇಕು. ‘ಅಲ್ಲಿ’ ಎಂದರೆ ‘ಇನ್’, ‘ಗೆ’ ಎಂದರೆ ‘ಟು’, ‘ಇಂದ’ ಎಂದರೆ ‘ಫ್ರಂ’, ‘ಮೇಲೆ’ ಎಂದರೆ ‘ಆನ್’ ಎಂದು ಶಾಲೆಯಲ್ಲಿ ಬಾಯಿಪಾಠವಾದ ಪಟ್ಟಿಯೇ ನಮ್ಮ ತಪ್ಪುಗಳ ತೌರುಮನೆ. ಇದರಿಂದ ಬಿಡುಗಡೆಯ ದಾರಿ ನಮ್ಮ ಪ್ರಾಚೀನ ವೈಯಾಕರಣರಲ್ಲಿಯೇ ಇದೆ. ಪಾಣಿನಿಯ ಸಂಪ್ರದಾಯವು ವಿಭಕ್ತಿಯನ್ನೂ ಕಾರಕವನ್ನೂ ಬೇರ್ಪಡಿಸಿ ಹೇಳುತ್ತದೆ. ವಿಭಕ್ತಿಯೆಂಬುದು ಪದಕ್ಕೆ ಹತ್ತಿದ ರೂಪ; ಕಾರಕವೆಂಬುದು ಕ್ರಿಯೆಗೂ ವಸ್ತುವಿಗೂ ಇರುವ ಸಂಬಂಧ. ಮಾಡುವವನು ಯಾರು, ಮಾಡಿದ್ದು ಏನನ್ನು, ಯಾವ ಸಾಧನದಿಂದ, ಯಾರಿಗಾಗಿ, ಎಲ್ಲಿಂದ ಅಗಲಿ, ಯಾವ ಆಧಾರದಲ್ಲಿ ಎಂಬ ಆರು ಪ್ರಶ್ನೆಗಳೇ ಆರು ಕಾರಕಗಳು. ಇಂಗ್ಲೀಷಿಗೆ ಹೋಗುವಾಗ ಪ್ರತ್ಯಯವನ್ನು ಭಾಷಾಂತರಿಸಬಾರದು, ಸಂಬಂಧವನ್ನು ಭಾಷಾಂತರಿಸಬೇಕು. ಈ ಭಾಷಣದ ಸಾರ ಇಷ್ಟೆ. ಮುಂದಿನದೆಲ್ಲ ಇದರ ಉದಾಹರಣೆ.

ಮೊದಲು ‘ಅಲ್ಲಿ’ ಎಂಬ ಸಪ್ತಮಿಯನ್ನು ನೋಡೋಣ. ‘ನಾನು ಯಡ್ರಾಮಿಯಲ್ಲಿ ವಾಸಿಸುತ್ತೇನೆ’, ‘ಈ ಬಸ್ಸು ಯಡ್ರಾಮಿಯಲ್ಲಿ ನಿಲ್ಲುತ್ತದೆ’ ಎಂಬೆರಡು ವಾಕ್ಯಗಳಲ್ಲಿಯೂ ಕನ್ನಡವು ‘ಯಡ್ರಾಮಿಯಲ್ಲಿ’ ಎಂದೇ ಹೇಳುತ್ತದೆ. ಇಂಗ್ಲೀಷಿನಲ್ಲಿ ವಾಸಿಸುವವನು ‘ಇನ್ ಯಡ್ರಾಮಿ’. ನಿಲ್ಲುವ ಬಸ್ಸು ‘ಅಟ್ ಯಡ್ರಾಮಿ’. ಊರು ಬದಲಾಗಲಿಲ್ಲ, ಹೇಳುವವನ ಮನಸ್ಸಿನಲ್ಲಿ ಊರಿನ ಚಿತ್ರ ಬದಲಾಯಿತು. ವಾಸಿಸುವವನಿಗೆ ಊರೆಂಬುದು ಸುತ್ತಲೂ ಆವರಿಸಿಕೊಂಡಿರುವ ಎಡೆ. ಬಸ್ಸಿಗೆ ಅದು ದಾರಿಯ ಮೇಲಿನ ಒಂದು ಬಿಂದು. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಭೀಮಾ ನದಿಯನ್ನು ದಾಟುವ ಕಟ್ಟಿಸಂಗಾವಿ ನದಿಯ ತೀರದಲ್ಲಿದೆ. ಇಂಗ್ಲೀಷಿಗೆ ಅದು ‘ಆನ್ ದಿ ಭೀಮಾ’. ನದಿ ಅಲ್ಲಿ ಒಂದು ಗೆರೆ. ಊರು ಗೆರೆಗೆ ಹತ್ತಿಕೊಂಡಿದೆ. ಬಿಂದುವಿಗೆ ‘ಅಟ್’, ಗೆರೆಗೂ ಮೇಲ್ಮೈಗೂ ‘ಆನ್’, ಆವರಣಕ್ಕೆ ‘ಇನ್’: ಈ ಮೂರು ಚಿತ್ರಗಳನ್ನು ಮನಸ್ಸಿನಲ್ಲಿಟ್ಟರೆ ಬಹುಪಾಲು ಸಂದೇಹಗಳು ತಾವಾಗಿಯೇ ಬಗೆಹರಿಯುತ್ತವೆ.

ಗೋಡೆಯಲ್ಲಿ ಚಿತ್ರವಿದೆ, ಗೋಡೆಯಲ್ಲಿ ಬಿರುಕಿದೆ ಎಂದು ನಾವು ಒಂದೇ ರೀತಿ ಹೇಳುತ್ತೇವೆ. ಚಿತ್ರ ಗೋಡೆಯ ಮೈಮೇಲಿದೆ. ಆದುದರಿಂದ ‘ಆನ್ ದಿ ವಾಲ್’. ಬಿರುಕು ಗೋಡೆಯ ಒಳಮೈಯನ್ನು ಸೀಳಿದೆ. ಆದುದರಿಂದ ‘ಇನ್ ದಿ ವಾಲ್’. ಮರದಲ್ಲಿ ಹಣ್ಣಿದ್ದರೆ ‘ಆನ್’, ಮರದಲ್ಲಿ ಹಕ್ಕಿಯಿದ್ದರೆ ‘ಇನ್’. ಹಣ್ಣು ಕೊಂಬೆಗೆ ಅಂಟಿದೆ, ಹಕ್ಕಿಯನ್ನು ಎಲೆಗಳು ಬಳಸಿವೆ. ತೊಗರಿಯ ಹೊಲದಲ್ಲಿ ನಿಂತ ರೈತನು ‘ಇನ್ ದಿ ಫೀಲ್ಡ್’. ಕಾರಿನಲ್ಲಿ ಕುಳಿತವನು ‘ಇನ್ ದಿ ಕಾರ್’. ಬಸ್ಸಿನಲ್ಲಿ, ರೈಲಿನಲ್ಲಿ ಕುಳಿತವನು ‘ಆನ್ ದಿ ಬಸ್’, ‘ಆನ್ ದಿ ಟ್ರೈನ್’, ಹತ್ತಿ ಓಡಾಡಬಹುದಾದ ನೆಲ ಅವುಗಳಲ್ಲಿ ಉಂಟಾದುದರಿಂದ. ಆದರೆ ‘ಬಸ್ಸಿನಲ್ಲಿ ಬಂದೆ’ ಎಂದರೆ ಬಸ್ಸು ಸ್ಥಳವಾಗಿ ಉಳಿಯದೆ ಸಾಧನವಾಗುತ್ತದೆ. ಆಗ ‘ಬೈ ಬಸ್’. ಒಂದೇ ‘ಬಸ್ಸಿನಲ್ಲಿ’ ಎಂಬ ಪದದೊಳಗೆ ಅಧಿಕರಣವೂ ಕರಣವೂ ಅಡಗಿವೆ. ಯಾವುದು ಎಂದು ಕೇಳಿಕೊಂಡವರಿಗೆ ಉತ್ತರ ಕೈಯಲ್ಲೇ ಇದೆ.

ನಮ್ಮ ವ್ಯಾಖ್ಯಾನಕಾರರು ಈ ಆಧಾರವೆಂಬುದನ್ನು ಮೂರಾಗಿ ವಿಂಗಡಿಸಿದ್ದಾರೆ. ಚಾಪೆಯಲ್ಲಿ ಕುಳಿತವನಿಗೆ ಚಾಪೆ ಔಪಶ್ಲೇಷಿಕ, ಎಂದರೆ ಸೋಂಕಿನಿಂದ ಆದ ಆಧಾರ. ಎಳ್ಳಿನಲ್ಲಿ ಎಣ್ಣೆಗೆ ಎಳ್ಳು ಅಭಿವ್ಯಾಪಕ, ಎಂದರೆ ಒಳಗೆಲ್ಲ ವ್ಯಾಪಿಸಿದ ಆಧಾರ. ಮೋಕ್ಷದಲ್ಲಿ ಇಚ್ಛೆಯುಳ್ಳವನಿಗೆ ಮೋಕ್ಷ ವೈಷಯಿಕ, ಎಂದರೆ ಮನಸ್ಸು ನೆಲಸಿದ ವಿಷಯ. ಇಂಗ್ಲೀಷಿನವನು ಮೊದಲನೆಯದಕ್ಕೆ ‘ಆನ್’ ಎನ್ನುತ್ತಾನೆ, ಎರಡನೆಯದಕ್ಕೆ ‘ಇನ್’ ಎನ್ನುತ್ತಾನೆ; ಮೂರನೆಯದಕ್ಕೆ ಆಯಾ ಪದವು ಬಯಸಿದಂತೆ ‘ಇಂಟರೆಸ್ಟೆಡ್ ಇನ್’ ಎಂದೋ ‘ಗುಡ್ ಅಟ್’ ಎಂದೋ ಹೇಳುತ್ತಾನೆ. ಈ ಭೇದವು ನಮ್ಮ ಪಂಡಿತರಿಗೆ ಶತಮಾನಗಳ ಹಿಂದೆಯೇ ತಿಳಿದಿದ್ದಿತು. ಭೇದಕ್ಕೆ ಬೇರೆ ಬೇರೆ ಪದಗಳಿಲ್ಲದ್ದರಿಂದ ಭೇದವೇ ಇಲ್ಲವೆಂದು ನಾವು ಮರೆತಿದ್ದೇವೆ.

ಸ್ಥಳದ ಚಿತ್ರಗಳೇ ಕಾಲಕ್ಕೂ ಸಲ್ಲುತ್ತವೆ. ಗಂಟೆ ಒಂದು ಬಿಂದು: ‘ಅಟ್ ಫೈವ್’. ದಿನವೂ ತಾರೀಖೂ ಹಾಸಿದ ಚಾಪೆಯಂತೆ: ‘ಆನ್ ಮಂಡೇ’. ತಿಂಗಳು, ವರ್ಷ, ಋತು ಆವರಣಗಳು: ‘ಇನ್ ಜೂನ್’. ಬೆಳಗಿನ ವೇಳೆಗೆ ‘ಇನ್ ದಿ ಮಾರ್ನಿಂಗ್’, ರಾತ್ರಿಗೆ ‘ಅಟ್ ನೈಟ್’. ಇದು ರೂಢಿ, ಒಪ್ಪಿಕೊಳ್ಳಬೇಕು. ‘ಸೋಮವಾರ ಬರುತ್ತೇನೆ’ ಎನ್ನುವಾಗ ಕನ್ನಡಕ್ಕೆ ಪ್ರತ್ಯಯ ಬೇಡ. ಇಂಗ್ಲೀಷಿಗೆ ‘ಆನ್’ ಬೇಕು. ಆದರೆ ‘ಮುಂದಿನ ಸೋಮವಾರ’, ‘ಪ್ರತಿ ಸೋಮವಾರ’ ಎಂದಾಗ ಇಂಗ್ಲೀಷಿಗೂ ಬೇಡ: ‘ನೆಕ್ಸ್ಟ್ ಮಂಡೇ’, ‘ಎವೆರಿ ಮಂಡೇ’.

ಕಾಲದ ಪದಗಳಲ್ಲಿ ಶೈಲಿಗಿಂತ ಹೆಚ್ಚಿನದು ಸಿಕ್ಕಿಕೊಂಡಿದೆ. ‘ಹದಿನೈದರವರೆಗೆ’ ಎಂಬ ಕನ್ನಡ ಮಾತನ್ನು ವಿಚಾರಿಸೋಣ. ‘ಹದಿನೈದರವರೆಗೆ ಕಾಯಿರಿ’ ಎಂದರೆ ಕಾಯುವ ಕೆಲಸ ಅಷ್ಟು ದಿನವೂ ಎಡೆಬಿಡದೆ ನಡೆಯಬೇಕು. ಇದಕ್ಕೆ ‘ಟಿಲ್’ ಅಥವಾ ‘ಅಂಟಿಲ್’. ‘ಹದಿನೈದರವರೆಗೆ ಹಣ ಕಟ್ಟಿರಿ’ ಎಂದರೆ ಒಂದು ಸಲ ಕಟ್ಟಬೇಕಾದ ಕೆಲಸ ಆ ದಿನಕ್ಕೆ ಮುಂಚೆ ಅಥವಾ ಆ ದಿನವೇ ಮುಗಿಯಬೇಕು, ಇದಕ್ಕೆ ‘ಬೈ’. ‘ಬೈ ದಿ ಫಿಫ್ಟೀನ್ತ್’ ಎಂದಿರುವ ನೋಟೀಸನ್ನು ಓದಿ, ‘ಬೈ’ ಎಂದರೆ ‘ಇಂದ’ ಎಂದು ಶಾಲೆಯಲ್ಲಿ ಕಲಿತವನು ಹದಿನೈದರಿಂದ ಕಚೇರಿ ತೆರೆಯುವುದೆಂದು ತಿಳಿದು ಹದಿನಾರಕ್ಕೆ ಹೋದರೆ, ಆ ವರ್ಷದ ವಿದ್ಯಾರ್ಥಿವೇತನವೋ ಹೊಲದ ಬೆಳೆಯ ವಿಮೆಯೋ ಕೈತಪ್ಪಿತೆಂದೇ ಅರ್ಥ. ‘ಇನ್ ತ್ರೀ ಡೇಸ್’ ಎಂದು ವೈದ್ಯರು ಮತ್ತೆ ಬರಹೇಳಿದರೆ ಇಂದಿಗೆ ಮೂರು ದಿನ ಕಳೆದಾಗ ಬಾ ಎಂದರ್ಥ. ‘ವಿದಿನ್ ತ್ರೀ ಡೇಸ್’ ಎಂದರೆ ಮೂರು ದಿನ ಮುಗಿಯುವುದರೊಳಗೆ. ಮಾತ್ರೆಯನ್ನು ‘ಫಾರ್ ಫೈವ್ ಡೇಸ್’ ತೆಗೆದುಕೊಳ್ಳುವುದು ಐದು ದಿನವೂ ತೆಗೆದುಕೊಳ್ಳುವುದು; ‘ಒನ್ಸ್ ಇನ್ ಫೈವ್ ಡೇಸ್’ ಎಂದರೆ ಐದು ದಿನಕ್ಕೊಂದು. ಔಷಧದ ಚೀಟಿ, ಬ್ಯಾಂಕಿನ ಪತ್ರ, ಬಾಡಿಗೆಯ ಕರಾರು ಇವುಗಳನ್ನು ಮನೆಯಲ್ಲಿ ಮೊದಲನೆಯ ಸಲ ಇಂಗ್ಲೀಷು ಓದಿದ ಹುಡುಗಿಯೋ ಹುಡುಗನೋ ಎಲ್ಲರಿಗೂ ಓದಿ ಹೇಳಬೇಕಾದ ಸಂಸಾರಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅಂಥ ಮನೆಯಲ್ಲಿ ಎರಡಕ್ಷರದ ಒಂದು ಪದವನ್ನು ಸರಿಯಾಗಿ ತಿಳಿಯುವುದು ಪಾಂಡಿತ್ಯದ ವಿಷಯವಾಗಿರದೆ ಗೃಹಕೃತ್ಯದ ವಿಷಯವಾಗಿದೆ.

ಇನ್ನು ‘ಇಂದ’ ಎಂಬ ಪ್ರತ್ಯಯ. ಇದರಲ್ಲಿ ಎರಡು ವಿಭಕ್ತಿಗಳು ಬೆರೆತಿವೆಯೆಂದು ಹೇಳಿದೆವಷ್ಟೆ. ಆದುದರಿಂದ ಇಲ್ಲಿ ಗೊಂದಲವೂ ಇಮ್ಮಡಿ. ‘ಚಾಕುವಿನಿಂದ ಕೊಯ್ದನು’ ಎಂಬಲ್ಲಿ ಉಪಕರಣ: ‘ವಿತ್ ಎ ನೈಫ್’. ‘ಅವನಿಂದ ಬರೆಯಲ್ಪಟ್ಟಿತು’ ಎಂಬಲ್ಲಿ ಕರ್ತೃ: ‘ಬೈ ಹಿಮ್’. ‘ಜೇವರ್ಗಿಯಿಂದ ಬಂದನು’ ಎಂಬಲ್ಲಿ ಅಗಲುವಿಕೆ: ‘ಫ್ರಂ ಜೇವರ್ಗಿ’. ‘ಮರದಿಂದ ಮಾಡಿದ ಪೆಟ್ಟಿಗೆ’ ಎಂಬಲ್ಲಿ ದ್ರವ್ಯವು ಕಣ್ಣಿಗೆ ಕಾಣುತ್ತಿದೆ: ‘ಮೇಡ್ ಆಫ್ ವುಡ್’. ‘ಹಾಲಿನಿಂದ ಮಾಡಿದ ಬೆಣ್ಣೆ’ ಎಂಬಲ್ಲಿ ಹಾಲು ರೂಪಾಂತರ ಹೊಂದಿದೆ: ‘ಮೇಡ್ ಫ್ರಂ ಮಿಲ್ಕ್’. ಕಾಲದಲ್ಲಿ ಹೇಳುವುದಾದರೆ, ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎನ್ನುವಾಗ ಅಳತೆಯನ್ನು ಹೇಳುತ್ತೇವೆ, ಅಳತೆಗೆ ‘ಫಾರ್’. ‘೨೦೨೦ರಿಂದ ಇಲ್ಲಿದ್ದೇನೆ’ ಎನ್ನುವಾಗ ಮೊದಲಾದ ಕ್ಷಣವನ್ನು ಹೇಳುತ್ತೇವೆ, ಅದಕ್ಕೆ ‘ಸಿನ್ಸ್’. ಎರಡು ಕೊನೆಗಳನ್ನೂ ಹೇಳಿದರೆ ‘ಫ್ರಂ’ ಮತ್ತು ‘ಟು’. ‘ಐ ಆಮ್ ಹಿಯರ್ ಫ್ರಂ ಟೂ ಇಯರ್ಸ್’ ಎಂಬ ವಾಕ್ಯವನ್ನು ನಾವು ಊರೂರಿನಲ್ಲಿ ಕೇಳುತ್ತೇವೆ. ಅದರ ಒಂದೊಂದು ಪದವೂ ಇಂಗ್ಲೀಷು. ಅದರ ಬೆನ್ನೆಲುಬು ಮಾತ್ರ ಅಪ್ಪಟ ಕನ್ನಡ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್’ ಎಂದರೆ ಕ್ರಿಯಾಪದದ ಕಾಲವೂ ಕಿರುಪದವೂ ಒಟ್ಟಿಗೆ ಸರಿಹೋಗುತ್ತವೆ.

‘ಗೆ’ ಎಂಬ ಚತುರ್ಥಿಯ ದಾನಶೀಲತೆಗೆ ಮಿತಿಯೇ ಇಲ್ಲ. ‘ಯಡ್ರಾಮಿಗೆ ಹೋದನು’ ಎಂಬಲ್ಲಿ ‘ಟು’. ‘ಮಗಳಿಗೆ ಸೀರೆ ತಂದನು’ ಎಂಬಲ್ಲಿ ‘ಫಾರ್’. ‘ನೂರು ರೂಪಾಯಿಗೆ ಕೊಂಡನು’ ಎಂಬಲ್ಲಿಯೂ ‘ಫಾರ್’. ‘ಐದು ಗಂಟೆಗೆ’ ಎಂಬಲ್ಲಿ ‘ಅಟ್’. ‘ಬಿಸಿಲಿಗೆ ಒಣಗಿತು’ ಎಂಬಲ್ಲಿ ‘ಇನ್ ದಿ ಸನ್’. ‘ನಾಯಿಗೆ ಹೆದರಿದನು’ ಎಂಬಲ್ಲಿ ‘ಅಫ್ರೇಡ್ ಆಫ್’. ‘ಮನೆಗೆ ಹೋದನು’ ಎಂಬಲ್ಲಿ ಏನೂ ಇಲ್ಲ, ಬರಿಯ ‘ವೆಂಟ್ ಹೋಮ್’. ‘ಟು’ ಮತ್ತು ‘ಫಾರ್’ಗಳ ಭೇದವನ್ನು ಹೀಗೆ ನೆನಪಿಡಬಹುದು: ‘ಟು’ ಮುಟ್ಟುವ ಗುರಿಯನ್ನು ತೋರಿಸುತ್ತದೆ, ‘ಫಾರ್’ ಮನಸ್ಸಿನಲ್ಲಿರುವ ಉದ್ದೇಶವನ್ನು ತೋರಿಸುತ್ತದೆ. ತಂದೆ ಸೀರೆಯನ್ನು ಮಗಳಿಗೆ ಕೊಟ್ಟರೆ ‘ಗೇವ್ ಟು’; ಅವಳಿಗೆಂದು ಅಂಗಡಿಯಲ್ಲಿ ಕೊಂಡರೆ ‘ಬಾಟ್ ಫಾರ್’. ಕೊಂಡ ಕ್ಷಣದಲ್ಲಿ ಸೀರೆ ಇನ್ನೂ ಮಗಳ ಕೈ ಸೇರಿಲ್ಲ.

ಷಷ್ಠಿಯೂ ಹೀಗೆಯೇ. ‘ಯಡ್ರಾಮಿಯ ರಸ್ತೆ’ ಎಂದರೆ ಯಡ್ರಾಮಿಗೆ ಹೋಗುವ ರಸ್ತೆಯೂ ಆಗಬಹುದು, ಊರೊಳಗಿನ ರಸ್ತೆಯೂ ಆಗಬಹುದು. ಇಂಗ್ಲೀಷು ಸಂದಿಗ್ಧವನ್ನು ಸಹಿಸದೆ ಮೊದಲನೆಯದಕ್ಕೆ ‘ದಿ ರೋಡ್ ಟು ಯಡ್ರಾಮಿ’ ಎಂದೂ ಎರಡನೆಯದಕ್ಕೆ ‘ಎ ರೋಡ್ ಇನ್ ಯಡ್ರಾಮಿ’ ಎಂದೂ ಬಿಡಿಸಿ ಹೇಳಿಸುತ್ತದೆ. ಸಮಸ್ಯೆಯ ಪರಿಹಾರಕ್ಕೆ ‘ಟು’, ಬೆಲೆಯ ಏರಿಕೆಗೆ ‘ಇನ್’, ಜ್ವರದ ಔಷಧಕ್ಕೆ ‘ಫಾರ್’, ಇತಿಹಾಸದ ಪುಸ್ತಕಕ್ಕೆ ‘ಆನ್’. ಎಲ್ಲ ಕಡೆಯೂ ‘ಆಫ್’ ಎಂದು ಬರೆದವನು ಕನ್ನಡದ ಷಷ್ಠಿಯನ್ನು ಬರೆದನೇ ಹೊರತು ಇಂಗ್ಲೀಷನ್ನು ಬರೆಯಲಿಲ್ಲ. ಭಾವಗಳ ವಿಷಯದಲ್ಲಿ ‘ಮೇಲೆ’ ಎಂಬ ಪದವೂ ಇಷ್ಟೇ ಮೋಸಮಾಡುತ್ತದೆ. ಕೋಪ, ಪ್ರೀತಿ, ನಂಬಿಕೆ ಎಲ್ಲವನ್ನೂ ನಾವು ಮನುಷ್ಯರ ‘ಮೇಲೆ’ ಇಡುತ್ತೇವೆ. ಇಂಗ್ಲೀಷಿನಲ್ಲಿ ಕೋಪಕ್ಕೆ ‘ಆಂಗ್ರಿ ವಿತ್’, ಪ್ರೀತಿಗೆ ‘ಲವ್ ಫಾರ್’, ನಂಬಿಕೆಗೆ ‘ಫೇತ್ ಇನ್’.

ಕ್ರಿಯಾಪದಗಳ ಜೊತೆಗಾರಿಕೆಯನ್ನು ಕುರಿತು ಒಂದು ಮಾತು. ‘ಸಂಗೀತವನ್ನು ಕೇಳಿದೆ’, ‘ಚಿತ್ರವನ್ನು ದಿಟ್ಟಿಸಿದೆ’, ‘ಬಸ್ಸನ್ನು ಕಾದೆ’ ಎಂಬಲ್ಲಿ ನಮಗೆ ದ್ವಿತೀಯೆ ಸಾಕು. ಇಂಗ್ಲೀಷಿಗೆ ‘ಲಿಸನ್ ಟು’, ‘ಲುಕ್ ಅಟ್’, ‘ವೇಟ್ ಫಾರ್’ ಬೇಕು. ಇದಕ್ಕೆ ಪ್ರತಿಯಾಗಿ ‘ಊರಿಗೆ ತಲಪಿದೆ’, ‘ಕೊಠಡಿಯೊಳಕ್ಕೆ ಪ್ರವೇಶಿಸಿದೆ’, ‘ವಿಷಯದ ಬಗ್ಗೆ ಚರ್ಚಿಸಿದೆ’, ‘ಪ್ರಶ್ನೆಗೆ ಉತ್ತರಿಸಿದೆ’ ಎಂಬಲ್ಲಿ ನಮಗೆ ಪ್ರತ್ಯಯವೋ ಪದವೋ ಬೇಕು. ಇಂಗ್ಲೀಷಿನ ‘ರೀಚ್’, ‘ಎಂಟರ್’, ‘ಡಿಸ್ಕಸ್’, ‘ಆನ್ಸರ್’ ಏನನ್ನೂ ಬಯಸುವುದಿಲ್ಲ. ‘ಡಿಸ್ಕಸ್ ಅಬೌಟ್’ ಎಂಬುದು ನಮ್ಮ ದೇಶದಲ್ಲಿ ಪದವೀಧರರ ನಾಲಗೆಯ ಮೇಲೂ ನೆಲಸಿದೆ. ಇದಕ್ಕೆ ಕಾರಣ ಕನ್ನಡದ ‘ಬಗ್ಗೆ’ ಮಾತ್ರವಲ್ಲ. ಇಂಗ್ಲೀಷಿನೊಳಗೂ ಒಂದು ಬಲೆಯಿದೆ. ಅಲ್ಲಿ ಒಂದೇ ಪದ ಕ್ರಿಯೆಯಾದಾಗ ಒಂಟಿಯಾಗಿ ನಡೆದು, ನಾಮವಾದಾಗ ಜೊತೆಗಾರನನ್ನು ಬೇಡುತ್ತದೆ. ಪ್ರಶ್ನೆಯನ್ನು ‘ಆನ್ಸರ್’ ಮಾಡುತ್ತೇವೆ. ಕೊಡುವುದು ‘ಆನ್ ಆನ್ಸರ್ ಟು’ ಪ್ರಶ್ನೆ. ರಜೆಯನ್ನು ‘ರಿಕ್ವೆಸ್ಟ್’ ಮಾಡುತ್ತೇವೆ. ಬರೆಯುವುದು ‘ಎ ರಿಕ್ವೆಸ್ಟ್ ಫಾರ್’ ರಜೆ. ಊರನ್ನು ‘ವಿಸಿಟ್’ ಮಾಡುತ್ತೇವೆ. ಆದರೆ ಅದು ‘ಎ ವಿಸಿಟ್ ಟು’ ಊರು. ಕ್ರಿಯೆಗೆ ಬೇಡ, ನಾಮಕ್ಕೆ ಬೇಕು ಎಂಬ ಈ ಒಂದು ಸೂತ್ರವನ್ನು ಇಂಥ ಪದಗಳಿಗೆ ಅನ್ವಯಿಸಿಕೊಂಡರೆ ಅರ್ಜಿಗಳಲ್ಲಿ ಬೀಳುವ ಎಷ್ಟೋ ಕೆಂಪು ಗೆರೆಗಳು ಮಾಯವಾಗುತ್ತವೆ.

ಇವನ್ನೆಲ್ಲ ಕಲಿ ಯುವ ಬಗೆ ಯಾವುದು? ರೇಡಿಯೋದಲ್ಲಿ ಮಾತನಾಡುತ್ತಿರುವುದರಿಂದ ಕಿವಿಯ ವಿಷಯವನ್ನು ಮೊದಲು ಹೇಳಬೇಕು. ಕನ್ನಡವು ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲಿನ ಉಚ್ಚಾರಣೆಯನ್ನು ಪ್ರಾಮಾಣಿಕವಾಗಿ ಸಲ್ಲಿಸುವ ಭಾಷೆ. ಇಂಗ್ಲೀಷು ಹಾಗಲ್ಲ, ಅರ್ಥಭಾರವುಳ್ಳ ಪದಗಳನ್ನು ಒತ್ತಿ ಹೇಳಿ, ಕಿರುಪದಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ‘ಟು’ ಎಂಬುದು ‘ಟ’ ಎಂದಾಗುತ್ತದೆ. ‘ಫಾರ್’ ‘ಫ’ ಎಂದಾಗುತ್ತದೆ. ‘ಆಫ್’ ಎಂಬುದರಲ್ಲಿ ಒಂದು ಮೆಲುವಾದ ಸ್ವರದ ಹೊರತು ಎಷ್ಟೋ ಸಲ ಏನೂ ಉಳಿಯದು. ಕೇಳಿ ಕಲಿಯಬೇಕಾದ ಪದಗಳು ಕೇಳಿಸುವುದೇ ಇಲ್ಲ. ಆದುದರಿಂದ ನಾವು ಅವನ್ನು ಪುಸ್ತಕದ ಪಟ್ಟಿಯಿಂದ ಕಲಿಯುತ್ತೇವೆ, ಪಟ್ಟಿ ನಮ್ಮನ್ನು ತಪ್ಪಿಸುತ್ತದೆ. ಇಂಗ್ಲೀಷು ವಾರ್ತೆಗಳನ್ನು ಕೇಳುವಾಗ ದಿನಕ್ಕೆ ಐದು ನಿಮಿಷ ಸುದ್ದಿಯನ್ನು ಬಿಟ್ಟು ಈ ಪದಗಳನ್ನೇ ಬೇಟೆಯಾಡಿದರೆ ಕಿವಿ ತೀಕ್ಷ್ಣವಾಗುತ್ತದೆ.

ಎರಡನೆಯದಾಗಿ, ಕಿರುಪದವನ್ನು ಬಿಡಿಯಾಗಿ ಕಲಿಯಬಾರದು. ‘ಡಿಪೆಂಡ್’ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದಾದರೆ ‘ಡಿಪೆಂಡ್ ಆನ್’ ಎಂದೇ ಬರೆಯಬೇಕು. ‘ಅರೈವ್’ ಎಂಬುದನ್ನು ‘ಅರೈವ್ ಅಟ್, ಅರೈವ್ ಇನ್’ ಎಂದೇ ಬರೆಯಬೇಕು. ಮನೆಯ ಬೀಗವನ್ನೂ ಕೀಲಿಯನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳುವವರುಂಟೆ? ಮೂರನೆಯದಾಗಿ, ಒಂದು ಕನ್ನಡ ಪ್ರತ್ಯಯವನ್ನು ತೆಗೆದುಕೊಂಡು ಅದರ ಹತ್ತು ವಾಕ್ಯಗಳನ್ನು ಬರೆದು, ಪ್ರತಿಯೊಂದರಲ್ಲಿಯೂ ಕಾರಕ ಯಾವುದೆಂದು ಕೇಳಿ, ಆಮೇಲೆ ಇಂಗ್ಲೀಷಿಗೆ ತಿರುಗಿಸುವ ಅಭ್ಯಾಸವನ್ನು ಶಾಲೆಗಳಲ್ಲಿ ಮಾಡಿಸಬಹುದು. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ೨೦೦೭ರಿಂದ ಮೊದಲನೆಯ ತರಗತಿಯಲ್ಲೇ ಇಂಗ್ಲೀಷನ್ನು ಕಲಿಸಲು ತೊಡಗಿದ್ದಾರೆ. ಇಂಗ್ಲೀಷಿನ ಪಾಠ ನಡೆಯುವಾಗ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಬೇಕೆಂಬ ಅಭಿಪ್ರಾಯ ಕೆಲವರಲ್ಲಿದೆ. ಈ ವಿಷಯದಲ್ಲಿಯಾದರೂ ಅದು ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ಹೊರಗೆ ನಿಲ್ಲಿಸಿದ ಕನ್ನಡವು ಕಿಟಕಿಯಿಂದ ಒಳಗೆ ಬಂದು ವಾಕ್ಯವನ್ನು ಕೆಡಿಸುತ್ತದೆ. ಒಳಗೆ ಕರೆದು ಕೂರಿಸಿದ ಕನ್ನಡವು ಭೇದವನ್ನು ತೋರಿಸಿಕೊಟ್ಟು ವಾಕ್ಯವನ್ನು ತಿದ್ದುತ್ತದೆ.

ಇಷ್ಟು ಹೇಳಿದ ಮೇಲೆ, ತಿದ್ದುವವರಿಗೂ ಒಂದು ಮಾತು ಉಳಿದಿದೆ. ಈ ಕಿರುಪದಗಳು ಇಂಗ್ಲೀಷರಲ್ಲಿಯೇ ನೆಲೆನಿಂತ ಪದಗಳಲ್ಲ. ವಾರದ ಕೊನೆಗೆ ಲಂಡನ್ನಿನವನು ‘ಅಟ್ ದಿ ವೀಕೆಂಡ್’ ಎನ್ನುತ್ತಾನೆ. ನ್ಯೂಯಾರ್ಕಿನವನು ‘ಆನ್ ದಿ ವೀಕೆಂಡ್’ ಎನ್ನುತ್ತಾನೆ. ‘ಡಿಫರೆಂಟ್’ ಎಂಬುದರ ಮುಂದೆ ‘ಫ್ರಂ’ ಎಂದು ಒಬ್ಬನು, ‘ಟು’ ಎಂದು ಒಬ್ಬನು, ‘ದ್ಯಾನ್’ ಎಂದು ಇನ್ನೊಬ್ಬನು ಹೇಳುತ್ತಾನೆ. ಅವರು ಒಬ್ಬರನ್ನೊಬ್ಬರು ಬುದ್ಧಿಹೀನರೆಂದು ಕರೆಯುವುದಿಲ್ಲ. ಅರ್ಥವನ್ನು ಕೆಡಿಸುವ ತಪ್ಪು ಬೇರೆ, ರೂಢಿಯನ್ನು ಮೀರಿದ ತಪ್ಪು ಬೇರೆ. ‘ಬೈ’ ಇರಬೇಕಾದಲ್ಲಿ ‘ಅಂಟಿಲ್’ ಬರೆದವನನ್ನು ಕೂಡಲೇ ತಿದ್ದಬೇಕು, ಅದರಿಂದ ಯಾರಿಗಾದರೂ ನಷ್ಟವಾದೀತು; ‘ಡಿಸ್ಕಸ್ ಅಬೌಟ್’ ಎಂದವನನ್ನು ನಿಧಾನವಾಗಿ ತಿದ್ದಿದರೂ ಲೋಕವು ಮುಳುಗುವುದಿಲ್ಲ.

ಯಡ್ರಾಮಿಯಿರುವ ಜಿಲ್ಲೆಯಲ್ಲಿಯೇ, ಸೇಡಂ ತಾಲ್ಲೂಕಿನಲ್ಲಿ, ಮಳಖೇಡವೆಂಬ ಊರಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಅದೇ. ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಕಾವ್ಯದ ಗುಣದೋಷಗಳನ್ನು ವಿಚಾರಿಸಿದ ಆ ಗ್ರಂಥವು ಪದಪ್ರಯೋಗದ ಸಣ್ಣ ದೋಷಗಳನ್ನೂ ಅಲಕ್ಷಿಸಲಿಲ್ಲ. ಸಂಸ್ಕೃತವೆಂಬ ದೊಡ್ಡ ಭಾಷೆಯ ಪಕ್ಕದಲ್ಲಿ ನಿಂತು, ಅದರ ಪದ್ಧತಿ ಯಾವುದು, ತಮ್ಮ ನುಡಿಯ ಪದ್ಧತಿ ಯಾವುದು ಎಂದು ತೂಗಿನೋಡುವ ಅಭ್ಯಾಸ ಆ ಸೀಮೆಯ ಜನರಿಗೆ ಸಾವಿರ ವರ್ಷಗಳಿಗೂ ಹಿಂದಿನದು. ಇಂದು ಪಕ್ಕದಲ್ಲಿ ನಿಂತಿರುವ ದೊಡ್ಡ ಭಾಷೆ ಬೇರೆ. ಮಾಡಬೇಕಾದ ಕೆಲಸ ಅದೇ. ತನ್ನ ‘ಮನ್ಯಾಗ’ ಎಂಬ ಮಾತಿನಲ್ಲಿ ಏನೇನು ಅಡಗಿದೆಯೆಂದು ಬಲ್ಲ ವಿದ್ಯಾರ್ಥಿಗೆ ‘ಇನ್’, ‘ಆನ್’, ‘ಅಟ್’ಗಳು ಹೆಚ್ಚು ಕಾಲ ತೊಂದರೆ ಕೊಡಲಾರವು.